ಆರು ನರಕೋಶಗಳ ಕಾರುಬಾರು

ಕೇಳುಗರೆಲ್ಲರಿಗೂ ನಮಸ್ಕಾರ.

ಕ್ರೇಫಿಶ್ ಅಂತ ಒಂದು ಪ್ರಾಣಿ ಇದೆ. ವಾಸ ಸಿಹಿನೀರಿನಲ್ಲಿ. ಲಾಬ್‌ಸ್ಟರ್‌ಗೆ ಹತ್ತಿರದ ನೆಂಟ. ಏಡಿ, ಸಿಗಡಿ ಎಲ್ಲ ಇದೇ ಬಳಗದವು. ನಾವು ಸುಮ್ನೆ ಬಾಲ ಅಂತ ಕರೆಯುವ ಅದರ ಹಿಂಭಾಗದಲ್ಲಿ ಆರು ತುಂಡುಗಳಿವೆ. ಅದನ್ನು ಪೂರ್ತಿ ಚಾಚಬಹುದು, ಹೊಟ್ಟೆಯಡಿಗೆ ಮಡಚಬಹುದು, ನಡುವೆ ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಿಕೊಂಡು ಬಹಳ ಹೊತ್ತು ಹಾಗೇ ಇರಬಹುದು.

ಇಷ್ಟಕ್ಕೆ ಎಷ್ಟು ನರಕೋಶ ಬೇಕು? ನಮ್ಮ ತೋಳಿನ ಒಂದು ಸ್ನಾಯುವನ್ನು ಆಡಿಸುವುದಕ್ಕೇ ಬೆನ್ನುಹುರಿಯಲ್ಲಿ ನೂರಾರು ನರಕೋಶಗಳಿವೆ. ಕ್ರೇಫಿಶ್ ಬಾಲದ ಒಂದು ತುಂಡನ್ನು ತೆಗೆದುಕೊಳ್ಳಿ, ಅದರಲ್ಲೂ ಒಂದೇ ಮಗ್ಗುಲು. ಅಲ್ಲಿ ಬಾಲವನ್ನು ನಿಧಾನವಾಗಿ ಮಡಚುವ ತೆಳು ಸ್ನಾಯುವಿಗೆ ಬರುವುದು ಆರೇ ಆರು. ‘ಎಳೆ’ ಅನ್ನುವವು ಐದು. ಆರನೆಯದು ಹೇಳುವುದು ‘ಎಳೆಯಬೇಡ’.

ನನಗೆ ಈ ಆರನೆಯದರ ಮೇಲೇ ಕಣ್ಣು. ನಮ್ಮ ದೇಹದಲ್ಲಿ ‘ಬೇಡ’ ಅನ್ನುವ ತೀರ್ಮಾನ ಬೆನ್ನುಹುರಿಯೊಳಗೇ ಮುಗಿದುಹೋಗುತ್ತದೆ. ಕೈಕಾಲಿನ ಸ್ನಾಯುವಿಗೆ ಗೊತ್ತಿರುವುದು ಎಳೆ ಅನ್ನುವ ಮಾತೊಂದೇ. ಆ ಮಾತು ನಿಂತರೆ ಸಡಿಲ ಬಿಡುತ್ತದೆ, ಅಷ್ಟೆ. ಕ್ರೇಫಿಶ್ ಬಳಗದಲ್ಲಿ ಹಾಗಲ್ಲ. ತಡೆಯುವ ನರ ನೇರವಾಗಿ ಸ್ನಾಯುವಿನ ತನಕ ಬರುತ್ತದೆ. ಬಂದು ಗಾಬಾ ಅನ್ನುವ ರಾಸಾಯನಿಕ ಸುರಿಸುತ್ತದೆ. ಎಳೆ ಅನ್ನುವ ನರ ಸುರಿಸುವುದು ಗ್ಲುಟಮೇಟ್. ನಮ್ಮ ಮಿದುಳಿನಲ್ಲೂ ತಡೆಯುವ ಕೆಲಸ ಗಾಬಾದ್ದೇ. ತಡೆಯುವ ನರದಿಂದ ಅದು ಹೊರಬೀಳುವುದನ್ನು 1966ರಲ್ಲಿ ತೋರಿಸಿಕೊಟ್ಟಿದ್ದು ಮಾತ್ರ ಲಾಬ್‌ಸ್ಟರ್‌ನ ನರ.

ತಡೆಯಿಂದ ಏನೇನು ಸಾಧಿಸಬಹುದು ಅನ್ನುವುದಕ್ಕೆ ಕ್ರೇಫಿಶ್‌ನ ಇಕ್ಕಳ ನೋಡಬೇಕು. ಇಕ್ಕಳವನ್ನು ತೆರೆಯುವ ಸ್ನಾಯುವಿಗೆ ‘ಎಳೆ’ ಅನ್ನುವ ನರಕೋಶ ಒಂದೇ ಒಂದು. ಮೆಲ್ಲಗೆ ತೆರೆಯಬೇಕಾದರೆ ಅದು ಬಿಟ್ಟು ಬಿಟ್ಟು ಮಿಡಿಯುತ್ತದೆ, ಜೋರಾಗಿ ತೆರೆಯಬೇಕಾದರೆ ಪಟಪಟ ಮಿಡಿಯುತ್ತದೆ. ಮಜಾ ಏನೆಂದರೆ, ಅದೇ ನರಕೋಶದ ಇನ್ನೊಂದು ಕವಲು ಪಕ್ಕದ ಕೀಲನ್ನು ಚಾಚುವ ಸ್ನಾಯುವಿಗೂ ಹೋಗಿದೆ. ಹಾಗಾದರೆ ಇಕ್ಕಳ ತೆರೆದಾಗಲೆಲ್ಲ ಆ ಕೀಲೂ ಚಾಚಿಕೊಳ್ಳಬೇಕು, ಅಲ್ವಾ? ಚಾಚಿಕೊಳ್ಳುವುದಿಲ್ಲ. ಎರಡೂ ಸ್ನಾಯುಗಳಿಗೆ ತಡೆಯುವ ನರ ಬೇರೆ ಬೇರೆ. ಒಂದೇ ಅಪ್ಪಣೆ ಎರಡೂ ಕಡೆ ತಲುಪುತ್ತದೆ, ಬೇಡದ ಕಡೆ ತಡೆಯುವ ನರ ಅದನ್ನು ಸುಮ್ಮನಾಗಿಸುತ್ತದೆ. ಚಲನೆ ಅಂದರೆ ಎಳೆತ ಅಂತ ನಾವು ಅಂದುಕೊಂಡಿರುತ್ತೇವೆ. ಇಲ್ಲಿ ಅರ್ಧ ಕೆಲಸ ತಡೆಯುವುದರಲ್ಲೇ ನಡೆಯುತ್ತದೆ.

ಈ ನರಕೋಶಗಳಿಗೆ ಅಪ್ಪಣೆ ಕೊಡುವವರೂ ಇದ್ದಾರೆ. ಕ್ರೇಫಿಶ್‌ನ ನರಹುರಿಯಿಂದ ಒಂದೇ ಒಂದು ನರತಂತು ಬಿಡಿಸಿ ವಿದ್ಯುತ್ ಮುಟ್ಟಿಸುವ ಪ್ರಯೋಗಗಳು 1960ರ ದಶಕದಲ್ಲಿ ನಡೆದವು. ಒಂದು ತಂತು ಮುಟ್ಟಿದರೆ ಇಡೀ ಬಾಲ ಒಂದು ಭಂಗಿಗೆ ಬರುತ್ತಿತ್ತು. ಇನ್ನೊಂದು ಮುಟ್ಟಿದರೆ ಇನ್ನೊಂದು ಭಂಗಿ. ಮಡಚು ಅನ್ನುವ ತಂತು, ಮಡಚುವ ಸ್ನಾಯುವನ್ನು ಎಬ್ಬಿಸುವುದರ ಜೊತೆಗೆ ಚಾಚುವ ಸ್ನಾಯುವಿನ ತಡೆಗಾರನನ್ನೂ ಎಬ್ಬಿಸುತ್ತಿತ್ತು.

ಇಷ್ಟೆಲ್ಲ ನಿಧಾನದ ಸ್ನಾಯುಗಳ ಮಾತು. ಅಪಾಯ ಬಂದಾಗ ಇವು ಸಾಕಾಗುವುದಿಲ್ಲ. ಅದಕ್ಕೆ ಬಾಲದ ಒಳಗೆ ದಪ್ಪ ಸ್ನಾಯುಗಳ ಬೇರೆಯೇ ಪಡೆ ಇದೆ. ಅದನ್ನು ಕೂಗಿ ಎಬ್ಬಿಸುವುದು ನರಹುರಿಯಲ್ಲಿ ಓಡುವ ದೈತ್ಯ ತಂತುಗಳು. ತಲೆಯ ಕಡೆಯಿಂದ ಬೆದರಿಸಿದರೆ ಒಂದು ಜೋಡಿ ಮಿಡಿಯುತ್ತದೆ, ಪ್ರಾಣಿ ನೇರ ಹಿಂದಕ್ಕೆ ಚಿಮ್ಮುತ್ತದೆ. ಬಾಲವನ್ನು ತಟ್ಟಿದರೆ ಇನ್ನೊಂದು ಜೋಡಿ, ಆಗ ಮೇಲಕ್ಕೆ ಲಾಗ. ಒಂದೇ ಒಂದು ಮಿಡಿತ ಸಾಕು. ಈ ತಂತುವಿನಿಂದ ಮುಂದಿನ ನರಕೋಶಕ್ಕೆ ಸಂದೇಶ ರಾಸಾಯನಿಕಕ್ಕೆ ಕಾಯದೆ ವಿದ್ಯುತ್ತಾಗಿಯೇ ದಾಟುತ್ತದೆ. ಅದನ್ನು 1959ರಲ್ಲಿ ಫರ್ಶ್‌ಪಾನ್ ಮತ್ತು ಪಾಟರ್ ತೋರಿಸಿದರು. ಅಂದಹಾಗೆ, ಮನಸ್ಸಿನ ಕಾಯಿಲೆಗಳ ಚಿಕಿತ್ಸೆಯಿಂದ ಹೆಸರಾದ ಫ್ರಾಯ್ಡ್ ಕೂಡ 1882ರಲ್ಲಿ ಕ್ರೇಫಿಶ್‌ನ ನರಕೋಶಗಳ ಬಗ್ಗೆಯೇ ಪ್ರಬಂಧ ಬರೆದಿದ್ದರು. ಕೋಶಗಳು ದೊಡ್ಡವು, ಗುರುತು ಹಿಡಿಯುವುದು ಸುಲಭ.

ಸರಿ, ಅಪ್ಪಣೆ ಕೊಟ್ಟಿದ್ದಾಯಿತು. ತಾನು ನೆಟ್ಟಗಿದ್ದೇನೋ ಓರೆಯಾಗಿದ್ದೇನೋ ಅಂತ ಪ್ರಾಣಿಗೆ ಗೊತ್ತಾಗುವುದು ಹೇಗೆ? ಸಿಗಡಿಯ ಸಣ್ಣ ಮೀಸೆಯ ಬುಡದಲ್ಲಿ ಪುಟ್ಟ ಚೀಲವೊಂದಿದೆ. ಒಳಗೆ ಸೂಕ್ಷ್ಮ ರೋಮಗಳು, ಅವುಗಳ ಮೇಲೆ ಮರಳಿನ ಕಣಗಳು. ಕಣ ಯಾವ ಕಡೆ ಒತ್ತುತ್ತದೋ ಆ ಕಡೆ ಕೆಳಗೆ. ಚಿಪ್ಪು ಕಳಚುವಾಗ ಚೀಲದ ಒಳಪದರವೂ ಮರಳಿನ ಸಮೇತ ಹೋಗುತ್ತದೆ. ಆಮೇಲೆ ಸಿಗಡಿ ಹೊಸ ಮರಳನ್ನು ಹೆಕ್ಕಿ ತಾನೇ ತುಂಬಿಕೊಳ್ಳಬೇಕು. 1893ರಲ್ಲಿ ಕ್ರೈಡ್ಲ್ ಎಂಬ ವಿಜ್ಞಾನಿ ಆಗಷ್ಟೇ ಚಿಪ್ಪು ಕಳಚಿದ ಸಿಗಡಿಗಳಿಗೆ ಮರಳಿನ ಬದಲು ಕಬ್ಬಿಣದ ಪುಡಿ ಕೊಟ್ಟರು. ಅವು ಅದನ್ನೇ ತುಂಬಿಕೊಂಡವು. ಆಮೇಲೆ ಮೇಲಿನಿಂದ ಅಯಸ್ಕಾಂತ ಹಿಡಿದಾಗ ಸಿಗಡಿ ಮಗುಚಿ ಹೊಟ್ಟೆ ಮೇಲೆ ಮಾಡಿತು. ಇಷ್ಟು ಸರಳವಾಗಿ ಇಷ್ಟು ದೊಡ್ಡ ಪ್ರಶ್ನೆಗೆ ಉತ್ತರ ಸಿಕ್ಕ ಪ್ರಯೋಗಗಳು ಜಾಸ್ತಿ ಇಲ್ಲ.

ಬಾಲ ಎಷ್ಟು ಬಾಗಿದೆ ಎಂದು ಅಳೆಯಲು ಬಾಲದಲ್ಲೇ ಹಿಗ್ಗುವುದನ್ನು ಗುರುತಿಸುವ ನರಕೋಶಗಳಿವೆ. ಯಾರಾದರೂ ಹೊರಗಿನಿಂದ ಬಾಗಿಸಿದರೆ ಅವು ಕೂಡಲೇ ಚಾಚುವ ಸ್ನಾಯುವನ್ನು ಬಿಗಿಯಾಗಿಸುತ್ತವೆ.

ಕೊನೆಗೆ ಇನ್ನೊಂದು ವಿಷಯ. ಲಾಬ್‌ಸ್ಟರ್‌ಗೆ ಸೆರೊಟೊನಿನ್ ಅನ್ನುವ ರಾಸಾಯನಿಕ ಚುಚ್ಚಿದರೆ ಬಾಲ ಮಡಚಿಕೊಂಡು, ಕಾದಾಟದಲ್ಲಿ ಗೆದ್ದ ಪ್ರಾಣಿಯ ಗತ್ತಿನಲ್ಲಿ ನಿಲ್ಲುತ್ತದೆ. ಆಕ್ಟೊಪಮಿನ್ ಅನ್ನುವ ಇನ್ನೊಂದು ರಾಸಾಯನಿಕ ಚುಚ್ಚಿದರೆ ಉದ್ದಕ್ಕೆ ಚಾಚಿಕೊಳ್ಳುತ್ತದೆ. ಇದು 1980ರಲ್ಲಿ ಪ್ರಕಟವಾದ ಫಲಿತಾಂಶ. 1996ರಲ್ಲಿ ಕ್ರೇಫಿಶ್‌ನ ದೈತ್ಯ ತಂತುವಿನ ಮೇಲೆ ಇದೇ ಸೆರೊಟೊನಿನ್ ಪರೀಕ್ಷಿಸಿದರು. ಯಜಮಾನಿಕೆ ನಡೆಸುವ ಪ್ರಾಣಿಯಲ್ಲಿ ಆ ಕೋಶ ಇನ್ನಷ್ಟು ಚುರುಕಾಯಿತು. ಸೋತು ಅಧೀನವಾಗಿದ್ದ ಪ್ರಾಣಿಯಲ್ಲಿ ಅದೇ ಕೋಶ, ಅದೇ ರಾಸಾಯನಿಕಕ್ಕೆ ಮಂಕಾಯಿತು. ಅಧೀನವಾಗಿದ್ದದ್ದು ಮುಂದೆ ಇನ್ನೊಂದರ ಮೇಲೆ ಯಜಮಾನನಾದಾಗ ಆ ಕೋಶದ ಪ್ರತಿಕ್ರಿಯೆಯೂ ಬದಲಾಯಿತು.

ನಮಸ್ಕಾರ.