ಊರು ಬಿಡೋದು ಖಚಿತ ಅಂದ್ರೆ ನರ್ಸಿಂಗ್ ಸೀಟ್ ಹಿಡೀಬೇಡಿ

ಅಮೆರಿಕದಲ್ಲಿ ನರ್ಸಿಂಗ್ ಓದಬೇಕು ಅಂತ ಹೊರಟವರು ಕೇಳೋ ಪ್ರಶ್ನೆ ಹೆಚ್ಚುಕಡಿಮೆ ಹೀಗಿರತ್ತೆ: "ಮನೆಯವರಿಗೆ ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಆಗಿದೆ, ಇನ್ನು ಎಂಟು ತಿಂಗಳಿಗೆ ಟೆಕ್ಸಾಸ್ ಬಿಡ್ತೀವಿ. ಇಲ್ಲಿ ಕಮ್ಯುನಿಟಿ ಕಾಲೇಜಲ್ಲಿ ನರ್ಸಿಂಗ್ ಸೀಟ್ ಸಿಕ್ಕಿಬಿಟ್ಟಿದೆ. ಸೇರಿಕೊಂಡು ಆಮೇಲೆ ಟ್ರಾನ್ಸ್‌ಫರ್ ತಗೊಳ್ಳಲಾ?"

ಬೇಡ. ಸೀಟ್ ಬಿಡೋದಕ್ಕೆ ಹೊಟ್ಟೆ ಉರಿಯತ್ತೆ, ಗೊತ್ತು. ಆದ್ರೂ ಬೇಡ.

ಯಾಕೆ ಅಂದ್ರೆ ನರ್ಸಿಂಗ್ ಓದು ಎರಡು ತುಂಡು. ಮೊದಲನೆಯದು ಪ್ರಿರಿಕ್ವಿಸಿಟ್, ಅಂದ್ರೆ ನರ್ಸಿಂಗ್ ಶುರುವಾಗೋಕೆ ಮುಂಚೆ ಮುಗಿಸಿರಬೇಕಾದ ಕೋರ್ಸುಗಳು: ಅನಾಟಮಿ-ಫಿಸಿಯಾಲಜಿ, ಮೈಕ್ರೋಬಯಾಲಜಿ, ಸ್ಟ್ಯಾಟಿಸ್ಟಿಕ್ಸ್, ಇಂಗ್ಲಿಷ್ ಕಾಂಪೋಸಿಷನ್, ಸೈಕಾಲಜಿ. ಇವು ಸಾಮಾನ್ಯ ಕಾಲೇಜು ವಿಷಯಗಳು. ಮಾನ್ಯತೆ ಇರೋ ಕಾಲೇಜಲ್ಲಿ ಮಾಡಿದ್ರೆ ರಾಜ್ಯ ದಾಟಿ ನಿಮ್ಮ ಜೊತೆ ಬರ್ತವೆ. ಎರಡನೆಯದು ನರ್ಸಿಂಗ್ ಕೋರ್, ಅಂದ್ರೆ ಫಂಡಮೆಂಟಲ್ಸ್, ಮೆಡ್-ಸರ್ಜ್ (ದೊಡ್ಡವರ ಕಾಯಿಲೆ, ಶಸ್ತ್ರಚಿಕಿತ್ಸೆಯ ಆರೈಕೆ), ಪೀಡಿಯಾಟ್ರಿಕ್ಸ್, ಹೆರಿಗೆ ವಾರ್ಡು, ಮನೋರೋಗ. ಇದು ಬಹುಪಾಲು ನಿಮ್ಮ ಜೊತೆ ಬರಲ್ಲ.

ಒಂದು ಕಾಲೇಜು ಫಾರ್ಮಕಾಲಜಿನ ಬೇರೆ ಕೋರ್ಸಾಗಿ ಎರಡನೇ ಸೆಮಿಸ್ಟರಲ್ಲಿ ಇಡತ್ತೆ, ಇನ್ನೊಂದು ಅದನ್ನೇ ನಾಲ್ಕೂ ಸೆಮಿಸ್ಟರಿಗೆ ಹಂಚಿ ಪ್ರತಿ ಕೋರ್ಸಿನ ಒಳಗೆ ತುಂಬಿರತ್ತೆ. ನೀವು ಮಧ್ಯದಲ್ಲಿ ಹೋಗಿ ನಿಂತ್ರೆ ಎಲ್ಲಿ ಕೂರಿಸಬೇಕು ಅಂತ ಅವರಿಗೂ ಗೊತ್ತಾಗಲ್ಲ. ಇನ್ನು ಆಸ್ಪತ್ರೇಲಿ ರೋಗಿಗಳ ಜೊತೆ ನಡೆಯೋ ತರಬೇತಿ, ಅಂದ್ರೆ ಕ್ಲಿನಿಕಲ್‌ಗೆ ಒಬ್ಬ ಇನ್‌ಸ್ಟ್ರಕ್ಟರ್ ಹಿಂದೆ ಇಷ್ಟೇ ವಿದ್ಯಾರ್ಥಿಗಳು ಅನ್ನೋ ಮಿತಿ ಇದೆ. ಅಲ್ಲಿ ಯಾರೋ ಫೇಲಾಗಿ ಸೀಟ್ ಖಾಲಿ ಆದ್ರೆ ಮಾತ್ರ ನಿಮಗೆ ಜಾಗ. ಹಾಗೆ ಜಾಗ ಸಿಕ್ಕಿದ್ರೂ ಹಳೇ ಕಾಲೇಜಿನ ನರ್ಸಿಂಗ್ ಡೈರೆಕ್ಟರ್ ಸಹಿ ಹಾಕಿದ ಗುಡ್ ಸ್ಟ್ಯಾಂಡಿಂಗ್ ಪತ್ರ ಕೇಳ್ತಾರೆ, ಡೋಸೇಜ್ ಲೆಕ್ಕದ ಪರೀಕ್ಷೆ ಮತ್ತೆ ಇಡ್ತಾರೆ. ಕೊನೆಗೆ ಹೆಚ್ಚಿನವರು ಮೊದಲನೇ ಸೆಮಿಸ್ಟರಿಂದಲೇ ಶುರು ಮಾಡ್ತಾರೆ, ಹಳೇ ಫೀಸು ಹೋಯ್ತು ಅಂತಲೇ ಲೆಕ್ಕ.

ಹಾಗಾಗಿ ನನ್ನ ಮಾತು ಇಷ್ಟೇ: ಹೊರಡೋಕೆ ಮುಂಚೆ ಪ್ರಿರಿಕ್ವಿಸಿಟ್ ಮುಗಿಸಿ, ಕೋರ್ ಅಲ್ಲಿಗೆ ಹೋದ ಮೇಲೆ ಶುರು ಮಾಡಿ. ಈಗಾಗಲೇ ಕೋರ್ ಒಳಗಿದ್ದು ಎರಡೇ ಸೆಮಿಸ್ಟರ್ ಬಾಕಿ ಇದ್ರೆ ಕಥೆ ಬೇರೆ. ಆಗ ರೂಮ್ ಮಾಡಿಕೊಂಡಾದ್ರೂ ಉಳಿದು ಮುಗಿಸಿ. ಮನೆಯವರು ಮೊದಲು ಹೋಗಲಿ, ನೀವು ಡಿಗ್ರಿ ಹಿಡಿದುಕೊಂಡು ಹಿಂದೆ ಹೋಗಿ.

ಪ್ರಿರಿಕ್ವಿಸಿಟ್ ಬರತ್ತೆ ಅಂದೆ. ಆದರೆ ಅರ್ಧಂಬರ್ಧ ಬರಲ್ಲ, ಜನ ಎಡವೋದು ಇಲ್ಲೇ. ಟೆಕ್ಸಾಸಲ್ಲಿ ಅನಾಟಮಿ ಮತ್ತು ಫಿಸಿಯಾಲಜಿ ಒಂದೇ ಜೋಡಿ: ಬಯಾಲಜಿ 2401, ಬಯಾಲಜಿ 2402. ಮೊದಲನೆಯದರಲ್ಲಿ ಜೀವಕೋಶ, ಚರ್ಮ, ಮೂಳೆ, ಸ್ನಾಯು, ನರಮಂಡಲ. ಎರಡನೆಯದರಲ್ಲಿ ಹೃದಯ, ಶ್ವಾಸಕೋಶ, ಜೀರ್ಣಾಂಗ, ಮೂತ್ರಪಿಂಡ. ಕ್ಯಾಲಿಫೋರ್ನಿಯಾದ ಎಷ್ಟೋ ಕಾಲೇಜುಗಳಲ್ಲಿ ಕತ್ತರಿ ಬೇರೆ ದಿಕ್ಕಿಗೆ ಬಿದ್ದಿರತ್ತೆ: ಇಡೀ ದೇಹದ ಅನಾಟಮಿ ಒಂದು ಕೋರ್ಸು, ಇಡೀ ದೇಹದ ಫಿಸಿಯಾಲಜಿ ಇನ್ನೊಂದು. ಈಗ ನೀವು 2401 ಒಂದೇ ಮುಗಿಸಿ ಹೋದ್ರೆ ಕೈಯಲ್ಲಿರೋದು ಅರ್ಧ ಅನಾಟಮಿ, ಅರ್ಧ ಫಿಸಿಯಾಲಜಿ. ಅಲ್ಲಿ ಅದಕ್ಕೆ ಹೊಂದೋ ಕೋರ್ಸೇ ಇಲ್ಲ. ಎರಡೂ ಮುಗಿಸಿದ್ರೆ ಮಾತ್ರ ಜೋಡಿಗೆ ಜೋಡಿ ಅಂತ ಒಪ್ಪಿಕೊಳ್ತಾರೆ. ಮನೆ ಖಾಲಿ ಮಾಡೋ ತಾರೀಖು ಒಂದು ತಿಂಗಳು ಆಚೆ ಈಚೆ ಆದ್ರೂ ಪರವಾಗಿಲ್ಲ, ಜೋಡಿ ಮುರೀಬೇಡಿ.

ಇದರ ತಮ್ಮ ಕ್ವಾರ್ಟರ್ ಪದ್ಧತಿ, ಅಂದ್ರೆ ಸೆಮಿಸ್ಟರಿಗಿಂತ ಚಿಕ್ಕ ಅವಧಿಗಳಲ್ಲಿ ಓದಿಸೋದು. ವಾಷಿಂಗ್ಟನ್ ರಾಜ್ಯದ ಕಮ್ಯುನಿಟಿ ಕಾಲೇಜುಗಳು ಸೆಮಿಸ್ಟರ್ ಲೆಕ್ಕದಲ್ಲಿ ನಡೆಯಲ್ಲ. ಒಂದು ಕ್ವಾರ್ಟರ್ ಕ್ರೆಡಿಟ್ ಅಂದ್ರೆ ಸೆಮಿಸ್ಟರ್ ಕ್ರೆಡಿಟ್ಟಿನ ಮೂರನೇ ಎರಡು ಭಾಗ. ಸಿಯಾಟಲ್ ಕಡೆ 5 ಕ್ರೆಡಿಟ್ಟಿನ ಮೈಕ್ರೋಬಯಾಲಜಿ ಮಾಡಿಕೊಂಡು ಬೇರೆ ರಾಜ್ಯಕ್ಕೆ ಹೋದ್ರೆ ಅದು 3.33 ಆಗತ್ತೆ. ಅಲ್ಲಿ 4 ಕ್ರೆಡಿಟ್ ಬೇಕು ಅಂತ ನಿಯಮ ಇದ್ರೆ ಮುಕ್ಕಾಲು ಕ್ರೆಡಿಟ್ಟೂ ಇಲ್ಲದ ಕೊರತೆಗೆ ಕೋರ್ಸೇ ತಿರಸ್ಕಾರ. ಒಂದಲ್ಲ ಒಂದು ಕಾಲೇಜು ಲ್ಯಾಬ್ ಗಂಟೆ ನೋಡಿ ಒಪ್ಪಿಕೊಳ್ಳಬಹುದು. ಅದಕ್ಕೇ ಪ್ರತಿ ಕೋರ್ಸಿನ ಸಿಲಬಸ್ ಪಿಡಿಎಫ್ ಇಳಿಸಿಕೊಂಡು ಇಟ್ಟಿರಿ. ಲ್ಯಾಬ್ ವಾರಕ್ಕೆ ಎಷ್ಟು ಗಂಟೆ, ಕ್ಯಾಂಪಸ್ಸಲ್ಲಿ ನಡೀತಾ ಆನ್‌ಲೈನಾ ಅಂತ ಅದರಲ್ಲಿ ಕಾಣಬೇಕು. ಆನ್‌ಲೈನ್ ಲ್ಯಾಬ್ ಬೇಡ ಅನ್ನೋ ಕಾಲೇಜುಗಳು ಬೇಕಾದಷ್ಟಿವೆ. ವಿಜ್ಞಾನದ ಕೋರ್ಸಿಗೆ ಆಯಸ್ಸೂ ಇದೆ: ಎಷ್ಟೋ ಕಡೆ 5 ವರ್ಷ, ಕೆಲವು ಕಡೆ 7. ಭಾರತದ ಬಿ.ಎಸ್ಸಿ.ಯಲ್ಲಿ ಓದಿದ ಜೀವಶಾಸ್ತ್ರ ಇಲ್ಲಿ ಪ್ರಿರಿಕ್ವಿಸಿಟ್ ಆಗಿ ಸಲ್ಲೋದು ಅಪರೂಪ. ಆದರೆ ಆ ಡಿಗ್ರಿಗೆ ಬೇರೆ ಉಪಯೋಗ ಇದೆ, ಬರ್ತೀನಿ.

ಪ್ರವೇಶ ಪರೀಕ್ಷೆ. ನೀವಿರೋ ಊರಲ್ಲಿ ಎಲ್ಲರೂ ಹೆಸಿ ಎ2 ಬರೀತಾರೆ ಅಂತ ನೀವೂ ಬರೆದು ಕೂರಬೇಡಿ. ಹೋಗೋ ಕಡೆ ಟೀಸ್ ಕೇಳ್ತಾರೋ ಏನೋ ನೋಡಿ. ಟೀಸ್ ಅಂದ್ರೆ 170 ಪ್ರಶ್ನೆ, 209 ನಿಮಿಷ. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳಲ್ಲಿ ಒಟ್ಟು 62 ಶೇಕಡಾ ಬಂದ್ರೆ ಅರ್ಹತೆ. ಆದರೆ ಪಾಯಿಂಟ್ ಲೆಕ್ಕದ ಆಯ್ಕೆ ಇರೋ ಕಡೆ 62ಕ್ಕೆ ಸೀಟ್ ಬರತ್ತೆ ಅಂತ ಕನಸು ಕಾಣಬೇಡಿ.

ಈಗ ದುಡ್ಡಿನ ವಿಷಯ. ಹೊಸ ರಾಜ್ಯಕ್ಕೆ ಕಾಲಿಟ್ಟ ದಿನವೇ ನೀವು ಅಲ್ಲಿನವರಾಗಲ್ಲ. ಇನ್-ಸ್ಟೇಟ್ ಫೀಸಿಗೆ, ಅಂದ್ರೆ ಆ ರಾಜ್ಯದವರಿಗಿರೋ ಕಡಿಮೆ ಫೀಸಿಗೆ, ಹೆಚ್ಚಿನ ರಾಜ್ಯಗಳು ತರಗತಿ ಶುರುವಾಗೋಕೆ ಮುಂಚೆ 12 ತಿಂಗಳ ವಾಸ ಕೇಳ್ತವೆ, ಓದೋಕೇ ಬಂದಿದ್ದು ಅಂತ ಕಂಡ್ರೆ ಆ ತಿಂಗಳುಗಳನ್ನ ಎಣಿಸೋದೇ ಇಲ್ಲ. ಇಲ್ಲಿ ಕೆಲಸ ಸುಲಭ, ಮರೆಯೋದೂ ಸುಲಭ: ಅಲ್ಲಿಗೆ ಹೋದ ಮೊದಲ ವಾರದಲ್ಲೇ ಡ್ರೈವರ್ಸ್ ಲೈಸೆನ್ಸ್ ಬದಲಾಯಿಸಿ, ಕಾರ್ ರಿಜಿಸ್ಟ್ರೇಷನ್ ಬದಲಾಯಿಸಿ, ಬಾಡಿಗೆ ಕರಾರಲ್ಲಿ ನಿಮ್ಮ ಹೆಸರೂ ಹಾಕಿಸಿ. ಬರೀ ಗಂಡನ ಹೆಸರಲ್ಲಿ ಇದ್ರೆ ಆಮೇಲೆ ಪುರಾವೆಗೆ ಪರದಾಟ. ವೀಸಾ ಕೂಡ ಲೆಕ್ಕಕ್ಕೆ ಬರತ್ತೆ. ಕ್ಯಾಲಿಫೋರ್ನಿಯಾ, ಟೆಕ್ಸಾಸಲ್ಲಿ ಎಚ್-4 (ಎಚ್-1ಬಿ ಮೇಲಿರೋರ ಸಂಗಾತಿಯ ವೀಸಾ) ಇರೋರು ನಿವಾಸಿ ಅಂತ ಅನ್ನಿಸಿಕೊಳ್ಳಬಹುದು, ಎಫ್-1 ವಿದ್ಯಾರ್ಥಿ ವೀಸಾಗೆ ಮಾಮೂಲಿಯಾಗಿ ಆ ಅವಕಾಶ ಇಲ್ಲ. ಎಚ್-4ನಲ್ಲಿ ಫುಲ್ ಟೈಮ್ ಓದೋಕೆ ಅಡ್ಡಿ ಇಲ್ಲ, ಸಂಬಳ ತಗೊಳ್ಳೋಕೆ ಇಎಡಿ, ಅಂದ್ರೆ ಕೆಲಸದ ಅನುಮತಿ ಪತ್ರ, ಬೇಕು. ಸಂಗಾತಿಯ ಐ-140 (ಗ್ರೀನ್ ಕಾರ್ಡಿಗೆ ಕಂಪನಿ ಹಾಕೋ ಅರ್ಜಿ, ಇಎಡಿ ಇದರ ಮೇಲೆ ನಿಂತಿದೆ) ಯಾವ ಹಂತದಲ್ಲಿದೆ ಅಂತ ನೋಡದೇ ಎರಡು ವರ್ಷದ ಕೋರ್ಸಿಗೆ ದುಡ್ಡು ಸುರಿಯೋದು ಬುದ್ಧಿವಂತಿಕೆ ಅಲ್ಲ.

ಆ 12 ತಿಂಗಳು ಸುಮ್ಮನೆ ಕೂರಬೇಕಾಗಿಲ್ಲ. ಬಾಕಿ ಕೋರ್ಸು ಮುಗಿಸಿ, ಕೆಲಸ ಮಾಡೋ ಅನುಮತಿ ಇದ್ರೆ ಸಿಎನ್ಎ, ಅಂದ್ರೆ ನರ್ಸಿಂಗ್ ಸಹಾಯಕರ ಕೋರ್ಸು, ಮಾಡಿ. ಕೇಂದ್ರ ಸರ್ಕಾರದ ಕನಿಷ್ಠ ತರಬೇತಿ 75 ಗಂಟೆ, ಕ್ಯಾಲಿಫೋರ್ನಿಯಾದಲ್ಲಿ 160. ಹಾಗಾಗಿ ಅದನ್ನೂ ಹೋಗೋ ರಾಜ್ಯದಲ್ಲೇ ಮಾಡೋದು ವಾಸಿ. ಎಂಟು ಗಂಟೆ ಶಿಫ್ಟಲ್ಲಿ ಹತ್ತು ಜನರನ್ನ ಮಗ್ಗುಲು ಬದಲಾಯಿಸಿ ಮಲಗಿಸಿದ ಮೇಲೂ ಈ ಕೆಲಸ ಬೇಕು ಅನ್ನಿಸಿದ್ರೆ ಮುಂದಿನದಕ್ಕೆ ಧೈರ್ಯವಾಗಿ ಹೋಗಬಹುದು.

ಹೆಪಟೈಟಿಸ್ ಬಿ ಲಸಿಕೆನೂ ಇದೇ ಸಮಯದಲ್ಲಿ ಶುರು ಮಾಡಿ. ಮೂರು ಡೋಸಿನ ಸರಣಿ ಆದ್ರೆ ಆರು ತಿಂಗಳು ಹಿಡಿಯತ್ತೆ, ಕ್ಲಿನಿಕಲ್ ಮುಂದಿನ ತಿಂಗಳು ಅಂದಾಗ ಓಡಿದ್ರೆ ಆಗಲ್ಲ. ಚಿಕ್ಕಂದಿನಲ್ಲಿ ಬಿಸಿಜಿ ಹಾಕಿಸಿಕೊಂಡ ನಮ್ಮವರಿಗೆ ಟಿಬಿ ಚರ್ಮದ ಪರೀಕ್ಷೆ ಸುಳ್ಳು ಪಾಸಿಟಿವ್ ಬರೋದುಂಟು. ತೋಳು ಕೆಂಪಗೆ ಊದಿಕೊಂಡ ಮೇಲೆ ವಾದ ಮಾಡೋ ಬದಲು ಮೊದಲೇ ಕ್ವಾಂಟಿಫೆರಾನ್ ರಕ್ತಪರೀಕ್ಷೆ ಕೇಳಿ.

ಸರಿ, ಯಾವ ಕೋರ್ಸು? ಕಮ್ಯುನಿಟಿ ಕಾಲೇಜಿನ ಎಡಿಎನ್ (ನರ್ಸಿಂಗಿನ ಅಸೋಸಿಯೇಟ್ ಡಿಗ್ರಿ) ಎರಡು ವರ್ಷ ಅಂತಾರೆ, ಪ್ರಿರಿಕ್ವಿಸಿಟ್ ಸೇರಿಸಿದ್ರೆ ಮೂರು. ಬಿಎಸ್ಎನ್ (ನರ್ಸಿಂಗಿನ ಬ್ಯಾಚುಲರ್ಸ್) ನಾಲ್ಕು ವರ್ಷ, ಸುಮಾರು 120 ಕ್ರೆಡಿಟ್. ಎರಡೂ ಕಡೆಯವರು ರಿಜಿಸ್ಟರ್ಡ್ ನರ್ಸ್ (ಆರ್ಎನ್) ಆಗೋಕೆ ಬರೆಯೋದು ಅದೇ ಪರೀಕ್ಷೆ, ಎನ್‌ಕ್ಲೆಕ್ಸ್ ಆರ್ಎನ್, ಸಿಗೋದು ಅದೇ ಲೈಸೆನ್ಸ್. ರಾಜ್ಯ ಬದಲಾಯಿಸಿದವರಿಗೆ ನನ್ನ ಓಟು ಎಡಿಎನ್‌ಗೆ. ಆರ್ಎನ್ ಆದ ಮೇಲೆ ಬಿಎಸ್ಎನ್ ಆನ್‌ಲೈನಲ್ಲಿ ಕೆಲಸ ಮಾಡ್ತಾ ಮುಗಿಯತ್ತೆ, ಆಗ ಇನ್ನೊಂದು ಸಲ ಊರು ಬದಲಾದ್ರೂ ಓದು ನಿಲ್ಲಲ್ಲ. ದೊಡ್ಡ ನಗರದ ದೊಡ್ಡ ಆಸ್ಪತ್ರೆಗಳು ಬಿಎಸ್ಎನ್‌ನೇ ಕೇಳ್ತವೆ ಅನ್ನೋದು ನಿಜ. ನ್ಯೂಯಾರ್ಕಲ್ಲಂತೂ 2017ರ ಕಾನೂನಿನ ಪ್ರಕಾರ ಹೊಸ ಆರ್ಎನ್‌ಗಳು 10 ವರ್ಷದೊಳಗೆ ನರ್ಸಿಂಗಲ್ಲಿ ಬ್ಯಾಚುಲರ್ಸ್ ಮುಗಿಸಬೇಕು. ಹತ್ತು ವರ್ಷ ಕೊಟ್ಟಿದ್ದಾರೆ, ಗಾಬರಿ ಬೇಡ.

ಆಗಲೇ ಹೇಳಿದ ಭಾರತದ ಡಿಗ್ರಿ: ಯಾವುದೇ ವಿಷಯದ ಬ್ಯಾಚುಲರ್ಸ್ ಇದ್ದು, ಅದರ ಮೌಲ್ಯಮಾಪನ ನಾಲ್ಕು ವರ್ಷದ ಡಿಗ್ರಿಗೆ ಸಮ ಅಂತ ಬಂದ್ರೆ, ಆಕ್ಸಿಲರೇಟೆಡ್ ಬಿಎಸ್ಎನ್ 12ರಿಂದ 18 ತಿಂಗಳಲ್ಲಿ ಮುಗಿಯತ್ತೆ. ಬಿ.ಇ. ಮಾಡಿದವರಿಗೆ ಇದು ಚೆನ್ನಾಗಿ ಹೊಂದತ್ತೆ. ಫೀಸು ಮಾತ್ರ ಜೋರು, ವಾರಕ್ಕೆ ಒಂದು ಗಂಟೆನೂ ಬಿಡುವಿರಲ್ಲ.

ಎಲ್‌ಪಿಎನ್ (ಲೈಸೆನ್ಸ್ಡ್ ಪ್ರಾಕ್ಟಿಕಲ್ ನರ್ಸ್, ಆರ್ಎನ್‌ಗಿಂತ ಕೆಳಗಿನ ಹಂತ) ದಾರಿ, ಟೆಕ್ಸಾಸ್ ಮತ್ತು ಕ್ಯಾಲಿಫೋರ್ನಿಯಾದಲ್ಲಿ ಅದರ ಹೆಸರು ಎಲ್‌ವಿಎನ್, ಒಂದು ವರ್ಷದ್ದು. ಅದರ ಮೇಲೆ ಕ್ಯಾಲಿಫೋರ್ನಿಯಾದಲ್ಲಿ 30 ಯೂನಿಟ್ ಆಯ್ಕೆ ಅಂತ ಇದೆ: ಡಿಗ್ರಿ ಇಲ್ಲದೇ ಆರ್ಎನ್ ಪರೀಕ್ಷೆ ಬರೆಯಬಹುದು. ಇನ್ನೊಂದು ಸಲ ಊರು ಬಿಡೋ ಸಾಧ್ಯತೆ ಇರೋರು ಇದರ ಹತ್ತಿರ ಸುಳಿಯಬೇಡಿ. ಹೀಗೆ ಬಂದ ಲೈಸೆನ್ಸನ್ನ ಬೇರೆ ಎಷ್ಟೋ ರಾಜ್ಯಗಳು ಒಪ್ಪಲ್ಲ.

ಕಾಲೇಜು ಜರಡಿ ಹಿಡಿಯೋಕೆ ಮೂರು ಮುದ್ರೆ ನೋಡಿ. ಆ ರಾಜ್ಯದ ಬೋರ್ಡ್ ಆಫ್ ನರ್ಸಿಂಗ್ ಒಪ್ಪಿಗೆ ಇಲ್ಲದೇ ಇದ್ರೆ ಪರೀಕ್ಷೆಗೇ ಕೂರಿಸಲ್ಲ. ಎಸಿಇಎನ್ ಅಥವಾ ಸಿಸಿಎನ್ಇಯಂಥ ನರ್ಸಿಂಗ್ ಮಾನ್ಯತೆ ಇಲ್ಲದಿದ್ರೆ ಮುಂದೆ ಓದೋಕೆ, ಮಾಜಿ ಸೈನಿಕರ ವಿಎ ಆಸ್ಪತ್ರೆಗೆ ಸೇರೋಕೆ ತೊಡಕು. ಇನ್ನು ಇಡೀ ಕಾಲೇಜಿನ ಮಾನ್ಯತೆ ಇಲ್ಲದೇ ಹೋದ್ರೆ ಕ್ರೆಡಿಟ್ ಎಲ್ಲೂ ನಡೆಯಲ್ಲ. ಆಮೇಲೆ ಬೋರ್ಡಿನ ವೆಬ್‌ಸೈಟಲ್ಲಿ ಎನ್‌ಕ್ಲೆಕ್ಸ್ ಮೊದಲ ಪ್ರಯತ್ನದ ಪಾಸ್ ಪ್ರಮಾಣ ಇರತ್ತೆ. ಬೋರ್ಡ್ ಕೇಳೋ ಕನಿಷ್ಠ ಪ್ರಮಾಣ ಟೆಕ್ಸಾಸಲ್ಲಿ 80, ಕ್ಯಾಲಿಫೋರ್ನಿಯಾದಲ್ಲಿ 75 ಶೇಕಡಾ. ಜಾಹೀರಾತಲ್ಲಿ 97 ಅಂತ ದಪ್ಪಕ್ಷರದಲ್ಲಿ ಕಂಡ್ರೆ ಒಂದು ಪ್ರಶ್ನೆ ಕೇಳಿ: ಸೇರಿದವರು ಎಷ್ಟು, ಮುಗಿಸಿದವರು ಎಷ್ಟು? 60 ಜನರನ್ನ ಸೇರಿಸಿಕೊಂಡು, ಎಕ್ಸಿಟ್ ಪರೀಕ್ಷೆ ಇಟ್ಟು 30 ಜನರನ್ನ ಆಚೆ ಹಾಕಿ, ಉಳಿದವರಲ್ಲಿ 29 ಪಾಸಾದ್ರೂ 97ಕ್ಕೆ ಹತ್ತಿರ ಬರತ್ತೆ.

"ಪೂರ್ತಿ ಆನ್‌ಲೈನ್ ಆರ್ಎನ್, ಕ್ಲಿನಿಕಲ್ ಬೇಡ" ಅಂದ್ರೆ ಅಲ್ಲೇ ಫೋನ್ ಇಡಿ. 2023ರ ಜನವರಿಯಲ್ಲಿ ಹೊರಬಿದ್ದ ಆಪರೇಷನ್ ನೈಟಿಂಗೇಲ್ ಪ್ರಕರಣದಲ್ಲಿ ಫ್ಲಾರಿಡಾದ ಮೂರು ಕಾಲೇಜುಗಳ ಹೆಸರಲ್ಲಿ 7,600ಕ್ಕೂ ಹೆಚ್ಚು ಸುಳ್ಳು ಸರ್ಟಿಫಿಕೇಟ್ ಹಂಚಿದ್ದರು. ಬೇರೆ ರಾಜ್ಯದ ಕಾಲೇಜಿಂದ ದೂರಶಿಕ್ಷಣ ಮಾಡೋದಾದ್ರೆ ಅವರ ಸೈಟಲ್ಲಿ ಯಾವ ರಾಜ್ಯದ ಲೈಸೆನ್ಸಿಗೆ ಕೋರ್ಸ್ ಸಲ್ಲತ್ತೆ ಅಂತ ಹೇಳೋ ಲೈಸೆನ್ಷರ್ ಡಿಸ್‌ಕ್ಲೋಷರ್ ಪುಟ ಹುಡುಕಿ, ನೀವು ಹೋಗೋ ರಾಜ್ಯದ ಹೆಸರಿನ ಮುಂದೆ ಏನು ಬರೆದಿದೆ ಓದಿ. ಅಡ್ಮಿಷನ್ ಕೌನ್ಸಿಲರ್ ಫೋನಲ್ಲಿ "ಆಗತ್ತೆ ಮೇಡಂ" ಅಂದಿದ್ದಕ್ಕೆ ಬೆಲೆ ಇಲ್ಲ.

ಕೊನೆಯದಾಗಿ ಲೈಸೆನ್ಸ್. ಹಳೇ ಊರಲ್ಲೇ ಉಳಿದು ಓದು ಮುಗಿಸಿದವರು ಕಾಲೇಜಿರೋ ರಾಜ್ಯಕ್ಕೇ ಅರ್ಜಿ ಹಾಕಬೇಕು ಅಂದುಕೊಳ್ತಾರೆ. ಬೇಕಿಲ್ಲ. ಎನ್‌ಕ್ಲೆಕ್ಸ್ ಯಾವ ಊರಿನ ಪಿಯರ್ಸನ್ ಪರೀಕ್ಷಾ ಕೇಂದ್ರದಲ್ಲಾದ್ರೂ ಬರೆಯಿರಿ, ಲೈಸೆನ್ಸ್ ಬರೋದು ನೀವು ಅರ್ಜಿ ಹಾಕಿದ ರಾಜ್ಯದ್ದು. ಹಾಗಾಗಿ ಹೋಗೋ ರಾಜ್ಯಕ್ಕೇ ಹಾಕಿ. ಪರೀಕ್ಷೆ ಫೀಸು 200 ಡಾಲರ್, ಬೋರ್ಡಿನದು ಬೇರೆ. ಟೆಕ್ಸಾಸ್, ಫ್ಲಾರಿಡಾದಂಥ ಕಾಂಪ್ಯಾಕ್ಟ್ ರಾಜ್ಯದ (ಪರಸ್ಪರ ಲೈಸೆನ್ಸ್ ಒಪ್ಪೋ ಒಪ್ಪಂದ ಮಾಡಿಕೊಂಡಿರೋ ರಾಜ್ಯದ) ನಿವಾಸಿಯಾದ್ರೆ ಒಂದೇ ಲೈಸೆನ್ಸಲ್ಲಿ ಉಳಿದ ಕಾಂಪ್ಯಾಕ್ಟ್ ರಾಜ್ಯಗಳಲ್ಲೂ ಕೆಲಸ ಮಾಡಬಹುದು, ಆದರೆ ಅದಕ್ಕೆ ಸೋಷಿಯಲ್ ಸೆಕ್ಯೂರಿಟಿ ನಂಬರ್ ಕಡ್ಡಾಯ. ಇಎಡಿ ಇಲ್ಲದ ಎಚ್-4 ಮಂದಿ ಇಲ್ಲಿ ಸಿಕ್ಕಿಹಾಕಿಕೊಳ್ತಾರೆ. ಒಂದು ಕಾಂಪ್ಯಾಕ್ಟ್ ರಾಜ್ಯದಿಂದ ಇನ್ನೊಂದಕ್ಕೆ ಮನೆ ಬದಲಾಯಿಸಿದ್ರೆ 60 ದಿನದೊಳಗೆ ಹೊಸ ರಾಜ್ಯದಲ್ಲಿ ಅರ್ಜಿ ಹಾಕಬೇಕು.

ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ಇಲಿನಾಯ್, ಮಿಷಿಗನ್, ಆರೆಗಾನ್ ಈ ಗುಂಪಲ್ಲಿಲ್ಲ, ಅವರದ್ದು ಬೇರೆ ಲೈಸೆನ್ಸೇ ಬೇಕು. ಅದರಲ್ಲೂ ಕ್ಯಾಲಿಫೋರ್ನಿಯಾದ ಲೈವ್ ಸ್ಕ್ಯಾನ್ ಬೆರಳಚ್ಚು ಆ ರಾಜ್ಯದ ಒಳಗೆ ಮಾತ್ರ ಆಗತ್ತೆ, ಹೊರಗಿಂದ ಹಾಕಿದ್ರೆ ಕಾಗದದ ಕಾರ್ಡಲ್ಲಿ ಬೆರಳೊತ್ತಿ ಅಂಚೆಗೆ ಹಾಕಿ ಕಾಯಬೇಕು. ಮನೆ ನೋಡೋಕೆ ಅಂತ ಒಂದು ಸಲ ಹೇಗೂ ಅಲ್ಲಿಗೆ ಹೋಗ್ತೀರಲ್ಲ, ಲೈವ್ ಸ್ಕ್ಯಾನ್ ಫಾರಂ ಬ್ಯಾಗಲ್ಲಿಟ್ಟುಕೊಂಡು ಹೋಗಿ ಅವತ್ತೇ ಮುಗಿಸಿಬಿಡಿ.