ಕೊಲೆಗಾರ ರೋಬೋ ನೆಲದ ಮೇಲೆ ಓಡಾಡಬೇಕು

1986ರಲ್ಲಿ ಬಂದ ‘ಚಾಪಿಂಗ್ ಮಾಲ್’ ಸಿನಿಮಾದ ಕತೆ ಒಂದೇ ಉಸಿರಲ್ಲಿ ಮುಗಿಯುತ್ತೆ. ಮಾಲ್ ಕಾಯೋಕೆ ಮೂರು ರೋಬೋ ತರ್ತಾರೆ, ಸಿಡಿಲು ಹೊಡೆದು ಅವನ್ನ ನಡೆಸೋ ಕಂಪ್ಯೂಟರ್ ಕೆಡುತ್ತೆ, ರಾತ್ರಿ ಒಳಗೇ ಉಳ್ಕೊಂಡ ಹುಡುಗ ಹುಡುಗೀರ ಬೇಟೆ ಶುರುವಾಗುತ್ತೆ. ಜಿಮ್ ವಿನೋರ್ಸ್ಕಿ ನಿರ್ದೇಶನ, 77 ನಿಮಿಷ. ಇಷ್ಟು ವರ್ಷ ಆದ್ಮೇಲೂ ಜನ ಇದನ್ನ ಹುಡುಕ್ಕೊಂಡು ನೋಡ್ತಾರೆ, ಯಾಕಂದ್ರೆ ಆ ರೋಬೋ ಸೆಟ್ಟಲ್ಲಿ ನಿಜವಾಗ್ಲೂ ಇತ್ತು. ಕಲಾವಿದರ ಕಣ್ಣು ಅದರ ಮೇಲೇ ನೆಟ್ಟಿರುತ್ತೆ. ತಿರುವಲ್ಲಿ ಅದು ತಿರುಗೋಕೆ ತಗೊಳ್ಳೋ ಅರ್ಧ ಕ್ಷಣ ಇದೆಯಲ್ಲ, ಭಯ ಇರೋದು ಅಲ್ಲಿ. ಓಡಿ ತಪ್ಪಿಸ್ಕೋಬಹುದು ಅನ್ಸುತ್ತೆ, ಆದ್ರೆ ಅದಕ್ಕೆ ಸುಸ್ತೇ ಆಗಲ್ಲ. ಕೊಂದ ಮೇಲೆ ಗಿರಾಕಿಗೆ ಹೇಳೋ ಹಾಗೆ ಥ್ಯಾಂಕ್ಸ್ ಬೇರೆ ಹೇಳುತ್ತೆ. ಅದು ಹೊಡೆಯೋ ಲೇಸರ್‌ಗಿಂತ ಆ ಮರ್ಯಾದೆಯೇ ಜಾಸ್ತಿ ಹೆದರಿಸುತ್ತೆ.

ಮೈಸೂರಲ್ಲಿ ಶಾರ್ಟ್ ಫಿಲ್ಮ್ ಮಾಡೋರಿಗೆ ಅದಕ್ಕೇ ಹೇಳೋದು, ಗ್ರಾಫಿಕ್ಸ್‌ಗೆ ಇಡೋ ದುಡ್ಡಲ್ಲಿ ಒಂದು ರೋಬೋ ಕಟ್ಟಿ.

ತಳಕ್ಕೆ 24 ವೋಲ್ಟಿನ ವ್ಹೀಲ್‌ಚೇರ್ ಮೋಟರ್ ಎರಡು, ಸೀರೀಸ್‌ನಲ್ಲಿ (ಒಂದರ ಪ್ಲಸ್ ಇನ್ನೊಂದರ ಮೈನಸ್‌ಗೆ ಸೇರಿಸಿ) 12 ವೋಲ್ಟಿನ ಬ್ಯಾಟರಿ ಎರಡು. ಒಂದೊಂದು ಚಕ್ರಕ್ಕೆ ಒಂದೊಂದು ಮೋಟರ್, ಅವುಗಳ ವೇಗದ ವ್ಯತ್ಯಾಸದಲ್ಲೇ ಗಾಡಿ ತಿರುಗುತ್ತೆ. ಬ್ಯಾಟರಿ ಕೆಳಗೇ ಇರಲಿ. ಮೇಲಿಟ್ರೆ ಬ್ರೇಕ್ ಹಾಕಿದ ತಕ್ಷಣ ರೋಬೋ ಮುಗ್ಗರಿಸುತ್ತೆ.

ರೋಬೋ ಕೈಗೆ ಗುಜರಿ ಅಂಗಡೀಲಿ ಸಿಗೋ ಕಾರಿನ ವೈಪರ್ ಮೋಟರ್ ಸಾಕು. ಒಳಗೆ ವರ್ಮ್ ಗೇರ್ (ಮೋಟರ್ ಕಡೆಯಿಂದ ಮಾತ್ರ ತಿರುಗೋ, ಸ್ಕ್ರೂ ಥರದ ಗೇರ್) ಇರೋದ್ರಿಂದ ಕರೆಂಟ್ ತೆಗೆದ್ರೂ ಎತ್ತಿದ ಕೈ ಇಳಿಯಲ್ಲ. ಒಂದು ತೊಂದರೆ ಇದೆ: ಬಹಳಷ್ಟು ವೈಪರ್ ಮೋಟರುಗಳಲ್ಲಿ ಬಾಡಿಯೇ ನೆಗೆಟಿವ್. ಬ್ಯಾಟರಿ ನೆಗೆಟಿವ್ ಸೇರಿರೋ ಕಬ್ಬಿಣದ ಫ್ರೇಮಿಗೆ ಹಾಗೇ ಬೋಲ್ಟ್ ಮಾಡಿ, ಕೈ ಇಳಿಸೋಕೆ ಅಂತ ಪೊಲಾರಿಟಿ (ಪ್ಲಸ್, ಮೈನಸ್) ಉಲ್ಟಾ ಮಾಡಿದ್ರೆ ಶಾರ್ಟ್ ಆಗುತ್ತೆ. ನಡುವೆ ರಬ್ಬರ್ ಶೀಟು, ಬೋಲ್ಟಿಗೆ ಪ್ಲಾಸ್ಟಿಕ್ ಬುಷ್ ಹಾಕಿ.

ಮೈಗೆ ಫ್ಲೆಕ್ಸ್ ಅಂಗಡಿಯವರು ಬಳಸೋ ಸನ್‌ಬೋರ್ಡ್ ಆಗುತ್ತೆ. ಸಿಲ್ವರ್ ಸ್ಪ್ರೇ ಮಾತ್ರ ಬೇಡ, ಕ್ಯಾಮೆರಾದಲ್ಲಿ ಆಟದ ಸಾಮಾನಿನ ಹಾಗೆ ಕಾಣುತ್ತೆ. ಮ್ಯಾಟ್ ಬೂದು ಬಣ್ಣ ಹೊಡೆದು, ಅಂಚುಗಳಿಗೆ ಪೆನ್ಸಿಲ್ ಸೀಸದ ಪುಡಿ ಬೆರಳಲ್ಲಿ ಉಜ್ಜಿ. ಸವೆದ ಕಬ್ಬಿಣದ ಮಿನುಗು ಬರುತ್ತೆ.

ರೋಬೋ ಕಣ್ಣಿನ ಎಲ್‌ಇಡಿ ಬರಿಗಣ್ಣಿಗೆ ಚೆನ್ನಾಗಿದ್ದು, ರೆಕಾರ್ಡಿಂಗಲ್ಲಿ ಪಟ್ಟಿ ಪಟ್ಟಿಯಾಗಿ ಮಿಣುಕಿದ್ರೆ ತಪ್ಪು ಡಿಮ್ಮರಿನದು. ಅದು ಬೆಳಕನ್ನ ಬೇಗ ಬೇಗ ಹಚ್ಚಿ ಆರಿಸಿ ಕಡಿಮೆ ಮಾಡುತ್ತೆ, ಕ್ಯಾಮೆರಾ ಅದನ್ನ ಹಿಡಿಯುತ್ತೆ. ರೆಸಿಸ್ಟರ್ ಹಾಕಿ ಮಂದ ಮಾಡಿ. ಸೆಟ್ಟಿನ ಟ್ಯೂಬ್‌ಲೈಟಿಗೆ ಇದು ಬೇರೆ ಲೆಕ್ಕ: ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಸೆಕೆಂಡಿಗೆ 25 ಫ್ರೇಮ್ ತೆಗೆಯೋವಾಗ ಕ್ಯಾಮೆರಾದ ಶಟರ್ 1/50 ಸೆಕೆಂಡ್ ಇಡಿ.

ಶೂಟಿಂಗಲ್ಲಿ ಮೋಟರಿನ ಕುಯ್ಗುಟ್ಟೋ ಸದ್ದು ಮಾತನ್ನೆಲ್ಲ ನುಂಗುತ್ತೆ, ಡಬ್ಬಿಂಗ್ ಮಾಡಲೇಬೇಕು. ಹಾಗಂತ ಆ ಸದ್ದು ಬಿಸಾಡಬೇಡಿ. ಖಾಲಿ ಹಾಲಲ್ಲಿ ರೋಬೋ ಓಡಿಸಿ, ಮೈಕನ್ನ ಚಕ್ರದ ಹತ್ರ ಒಂದ್ಸಲ, ಗೋಡೆಯಾಚೆ ಒಂದ್ಸಲ ಇಟ್ಟು ಹಿಡೀರಿ. ಗೋಡೆಯಾಚೆ ಹಿಡಿದ ಸದ್ದನ್ನ, ರೋಬೋ ಕಾಣೋಕೆ ಮುಂಚೆ, ಖಾಲಿ ಕಾರಿಡಾರ್ ಶಾಟಿನ ಮೇಲೆ ಹಾಕಿ. ಈ ಜಾತಿಯ ಸಿನಿಮಾದ ಅರ್ಧ ಜೀವ ಅಲ್ಲೇ ಇದೆ. ಪೂರ್ತಿ ಗ್ರಾಫಿಕ್ಸ್‌ನಲ್ಲಿ ಮಾಡಿದೋರಿಗೆ ಈ ಸದ್ದು ಸಿಗೋದೇ ಇಲ್ಲ.

ಬೆಂಕಿ ದೃಶ್ಯ ಬರೆದಿದ್ರೆ ತೆಗೆದುಬಿಡಿ. 1989ರ ಫೆಬ್ರುವರಿಯಲ್ಲಿ ಇದೇ ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ, ಟಿಪ್ಪು ಧಾರಾವಾಹಿಯ ಸೆಟ್ಟಿಗೆ ಬೆಂಕಿ ಬಿದ್ದು 62 ಜನ ಸತ್ರು. ಬಟ್ಟೆ, ಪ್ಲೈವುಡ್, ಥರ್ಮೊಕೋಲ್ ತುಂಬಿದ ಮುಚ್ಚಿದ ಜಾಗದಲ್ಲಿ ಕಿಡಿ ಆಟ ಅಲ್ಲ. ಬ್ಯಾಟರಿಯ ಪಾಸಿಟಿವ್ ವೈರಿಗೆ, ಟರ್ಮಿನಲ್ ಹತ್ರಾನೇ ಫ್ಯೂಸ್ ಇರಬೇಕು. ರೋಬೋ ಬೆನ್ನ ಮೇಲೆ ಕೈಗೆ ಸಿಗೋ ಹಾಗೆ ಕೆಂಪು ಸ್ಟಾಪ್ ಸ್ವಿಚ್ ಇರಬೇಕು. ರಿಮೋಟ್ ಸಿಗ್ನಲ್ ಕಡಿದ್ರೆ ಮೋಟರ್ ನಿಲ್ಲೋ ಹಾಗೆ ರಿಸೀವರಿನಲ್ಲಿ ಫೇಲ್‌ಸೇಫ್ ಸೆಟ್ ಮಾಡಿ. ದಿನಾ ಮೊದಲ ಶಾಟಿಗೆ ಮುಂಚೆ ತಳದ ಕೆಳಗೆ ಇಟ್ಟಿಗೆ ಕೊಟ್ಟು ಚಕ್ರ ಎತ್ತಿ, ಓಡಿಸ್ತಾ ಇರೋವಾಗ್ಲೇ ರಿಮೋಟ್ ಆಫ್ ಮಾಡಿ ನೋಡಿ. ಚಕ್ರ ತಿರುಗ್ತಾನೇ ಇದ್ರೆ, ಅದು ಸರಿಹೋಗೋ ತನಕ ಅದರ ಮುಂದೆ ಯಾರನ್ನೂ ನಿಲ್ಲಿಸಬೇಡಿ.