ಕತ್ತಲಲ್ಲಿ ಹೊರಡುವ ಗಾಡಿ

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನ ಓಡಾಟದ ಮಾತು ಬಂದರೆ ಸಿಲ್ಕ್ ಬೋರ್ಡ್, ಹೆಬ್ಬಾಳದ ಟ್ರಾಫಿಕ್ಕೇ ಮೊದಲು ನೆನಪಾಗುತ್ತದೆ. ನಾನು ಇವತ್ತು ಹೇಳಲು ಬಂದಿರುವುದು ಆ ಊರಿನಲ್ಲಿ ಮನೆಯೇ ಇಲ್ಲದೆ, ದಿನಾ ಅಲ್ಲಿಗೆ ಕೆಲಸಕ್ಕೆ ಹೋಗಿ ಬರುವವರ ವಿಷಯ. ಮಂಡ್ಯ, ರಾಮನಗರ, ತುಮಕೂರು, ದೊಡ್ಡಬಳ್ಳಾಪುರ, ಎಲ್ಲಾ ಕಡೆಯಿಂದಲೂ ಅಂಥವರು ಬರುತ್ತಾರೆ. ನನಗೆ ಚೆನ್ನಾಗಿ ಗೊತ್ತಿರುವುದು ನಮ್ಮೂರು ಕೆಜಿಎಫ್, ಅಂದರೆ ಕೋಲಾರದ ಚಿನ್ನದ ಗಣಿ ಊರಿನ ದಾರಿ. ಆ ದಾರಿಯಲ್ಲಿ ಹನ್ನೊಂದು ವರ್ಷ ಓಡಾಡಿದ್ದೇನೆ.

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ಸಣ್ಣ ರೈಲು ಮಾರ್ಗ 1894ರದ್ದು. ಚಿನ್ನದ ಗಣಿಗಾಗಿ ಹಾಕಿದ್ದು. ಅದರ ಸ್ಟೇಷನ್ನುಗಳು ಬಿಇಎಂಎಲ್ ನಗರ, ಕೋರಮಂಡಲ್, ಊರ್ಗಾಂ, ಚಾಂಪಿಯನ್, ಕೊನೆಗೆ ಮಾರಿಕುಪ್ಪಂ. ಆಗ ಈ ಹಳಿಯ ಮೇಲೆ ಕೆಲಸಗಾರರು ನಮ್ಮೂರಿಗೆ ಬರುತ್ತಿದ್ದರು. 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಬಂದ ಊರು ನಮ್ಮದು. ಬೆಂಗಳೂರಿಗೂ ಮೊದಲು! ನಮ್ಮಪ್ಪ ಅದನ್ನು ಹೇಳುವಾಗ ಎದೆ ಉಬ್ಬಿಸುತ್ತಿದ್ದರು.

ಅಪ್ಪ ಗಣಿ ಕೆಲಸದವರು. ಮನೆಯಿಂದ ಗಣಿಗೆ ಇಳಿಯುವ ಶಾಫ್ಟ್‌ಗೆ ಹತ್ತು ನಿಮಿಷದ ನಡಿಗೆ. ಸೈರನ್ ಕೂಗಿದ ಮೇಲೆ ಕಾಫಿ ಕುಡಿದು ಹೊರಟರೂ ಸಾಕಾಗುತ್ತಿತ್ತು. ಚಾಂಪಿಯನ್ ರೀಫ್ ಗಣಿಯ ಆಳ 3 ಕಿಲೋಮೀಟರ್ ದಾಟಿತ್ತು. ಅಪಾಯದ ಕೆಲಸ, ಧೂಳು ಕುಡಿದು ಎದೆ ಕೆಡಿಸಿಕೊಂಡವರು ಎಷ್ಟೋ ಜನ. ಆದರೆ ಕೆಲಸ ಊರಲ್ಲೇ ಇತ್ತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆಮೇಲೆ ಊರಿಗೆ ಉಳಿದದ್ದು ಚಿನ್ನ ತೆಗೆದ ಮೇಲೆ ಸುರಿದ ಮಣ್ಣಿನ ಸೈನೈಡ್ ದಿಬ್ಬಗಳು ಮತ್ತು ಈ ರೈಲು. ಜನರನ್ನು ಕೆಲಸಕ್ಕೆ ಕರೆತಂದ ಹಳಿಯ ಮೇಲೆಯೇ ಅವರ ಮಕ್ಕಳು ಕೆಲಸ ಹುಡುಕಿಕೊಂಡು ಹೊರಟರು. ನಾನೂ ಹೊರಟೆ.

ಬೆಳಿಗ್ಗೆ ಮೂರೂವರೆಗೆ ಅಮ್ಮ ಏಳುತ್ತಿದ್ದರು. ನಾನು ತಲೆ ಬಾಚಿಕೊಳ್ಳುವಷ್ಟರಲ್ಲಿ ಡಬ್ಬಿಗೆ ಚಿತ್ರಾನ್ನ ತುಂಬಿರುತ್ತಿತ್ತು. ಕತ್ತಲಲ್ಲೇ ಸ್ಟೇಷನ್ನಿಗೆ ನಡಿಗೆ. ದಾರಿಯಲ್ಲಿ ಒಂದೊಂದು ಮನೆಯಿಂದ ಒಬ್ಬೊಬ್ಬರು ಬಂದು ಸೇರುತ್ತಿದ್ದರು. ಗಾರ್ಮೆಂಟ್ಸ್ ಹುಡುಗಿಯರು, ಸೆಕ್ಯೂರಿಟಿ ಕೆಲಸದ ಅಣ್ಣಂದಿರು, ಆಸ್ಪತ್ರೆ ನರ್ಸುಗಳು, ಕಂಪ್ಯೂಟರ್ ಕಂಪನಿಯ ಹುಡುಗರು. ಅಲ್ಲಿಂದ ಬೆಂಗಳೂರು ಸುಮಾರು 85 ಕಿಲೋಮೀಟರ್. ಎಲ್ಲಾ ಸ್ಟೇಷನ್ನಿನಲ್ಲೂ ನಿಲ್ಲುವ ಗಾಡಿಗೆ ಎರಡು ಗಂಟೆಗೂ ಜಾಸ್ತಿ ಬೇಕು.

ಮಾರಿಕುಪ್ಪಂನಲ್ಲಿ ಹತ್ತಿದವರಿಗೆ ಸೀಟು ಸಿಗುತ್ತದೆ. ಬಂಗಾರಪೇಟೆಯಲ್ಲಿ ಹತ್ತಿದವರಿಗೆ ಅದೃಷ್ಟ ಬೇಕು. ಮಾಲೂರಿನಲ್ಲಿ ಬಾಗಿಲ ಹತ್ತಿರ ಜಾಗ ಸಿಕ್ಕರೆ ಅದೇ ದೊಡ್ಡದು. ನಮ್ಮ ಬೋಗಿಯಲ್ಲಿ ಒಂದು ಕಟ್ಟುಪಾಡಿತ್ತು. ಅದನ್ನು ಯಾರೂ ಬರೆದಿಟ್ಟಿರಲಿಲ್ಲ. ಟೇಕಲ್ ಸ್ಟೇಷನ್ ಬಂದ ಮೇಲೆ ಕೂತವರು ಎದ್ದು, ನಿಂತವರಿಗೆ ಜಾಗ ಬಿಡಬೇಕು. ಬಸುರಿ ಹೆಂಗಸು ಹತ್ತಿದರೆ ಮಾತೇ ಇಲ್ಲ. ಬೆಳ್ಳುಳ್ಳಿ ಬಿಡಿಸುವವರು ಬಿಡಿಸುತ್ತಿದ್ದರು, ಹೂ ಕಟ್ಟುವವರು ಕಟ್ಟುತ್ತಿದ್ದರು. ಚೀಟಿ ದುಡ್ಡು ಅಲ್ಲೇ ಎಣಿಸಿ ಕೊಡುತ್ತಿದ್ದೆವು. ನನ್ನ ಮದುವೆಯ ಸೀರೆಯ ದುಡ್ಡು ಆ ಚೀಟಿಯದ್ದೇ.

ತುಂಬಾ ಜನ ಕೇಳುತ್ತಾರೆ. ಅಷ್ಟು ಕಷ್ಟ ಯಾಕಮ್ಮ, ಬೆಂಗಳೂರಿನಲ್ಲೇ ಒಂದು ರೂಮು ಮಾಡಿಕೊಳ್ಳಬಾರದಾ ಅಂತ. ಲೆಕ್ಕ ಹಾಕದೆ ಇರಲಿಲ್ಲ ನಾವು. ಬಾಡಿಗೆಗಿಂತ ಮೊದಲು ಅಡ್ವಾನ್ಸ್ ಬೇಕು. ಊರಲ್ಲಿ ಕೆಮ್ಮುವ ಅಪ್ಪ, ಒಬ್ಬರೇ ನೀರು ಹಿಡಿಯುವ ಅಮ್ಮ. ಗಣಿ ಕಾಲದ ಲೈನ್ ಮನೆ ಬಿಟ್ಟುಹೋದರೆ ಮತ್ತೆ ಸಿಗುತ್ತದೆ ಅನ್ನುವ ಧೈರ್ಯವೂ ಇರಲಿಲ್ಲ. ತಿಂಗಳ ಸೀಸನ್ ಟಿಕೆಟ್ ಒಂದೇ ನಮ್ಮ ಕೈಗೆ ಎಟುಕುತ್ತಿದ್ದದ್ದು. ಮನೆಯನ್ನೂ ಕೆಲಸವನ್ನೂ ಒಟ್ಟಿಗೆ ಉಳಿಸಿಕೊಟ್ಟದ್ದು ಅದೇ.

ಬೆಲೆ ಕೊಟ್ಟದ್ದು ಹೊತ್ತಿನಲ್ಲಿ. ಮೂರೂವರೆಗೆ ಎದ್ದವಳು ಮತ್ತೆ ಮನೆಗೆ ಬರುವಾಗ ರಾತ್ರಿ ಎಂಟೂವರೆ. ಹದಿನೇಳು ಗಂಟೆ. ಸಂಬಳ ಎಂಟು ಗಂಟೆಗೆ ಮಾತ್ರ. ಬಂಗಾರಪೇಟೆಯಿಂದ ಬೆಂಗಳೂರಿನ ಹಳಿಯಲ್ಲಿ ಚೆನ್ನೈ ಗಾಡಿಗಳೂ ಓಡುತ್ತವೆ. ಎಕ್ಸ್‌ಪ್ರೆಸ್‌ಗೆ ದಾರಿ ಬಿಡಲು ನಮ್ಮ ಗಾಡಿ ಪಕ್ಕದ ಹಳಿಯಲ್ಲಿ ನಿಂತರೆ ಬೋಗಿಯಲ್ಲಿ ಮಾತು ನಿಂತುಹೋಗುತ್ತಿತ್ತು. ಎಲ್ಲರ ಕಣ್ಣೂ ಗಡಿಯಾರದ ಮೇಲೆ. ನಾನು ಕೆಲಸ ಮಾಡುತ್ತಿದ್ದ ಫ್ಯಾಕ್ಟರಿಯಲ್ಲಿ ಗೇಟ್ ಮುಚ್ಚಿದ ಮೇಲೆ ಹೋದರೆ ಅರ್ಧ ದಿನದ ಕೂಲಿ ಹೋಗುತ್ತಿತ್ತು. ಒಮ್ಮೆ ಹನ್ನೆರಡು ನಿಮಿಷ ತಡವಾಗಿ ಗೇಟಿನ ಹೊರಗೆ ನಿಂತಿದ್ದೆವು, ಒಂಬತ್ತು ಜನ. ಎಲ್ಲರೂ ಒಂದೇ ಗಾಡಿಯವರು. ಆ ಹನ್ನೆರಡು ನಿಮಿಷ ನಮ್ಮ ತಪ್ಪಲ್ಲ, ಅಲ್ವಾ?

ಈಗ ಕೆಲವು ಸುಲಭವಾಗಿದೆ. 2023ರಲ್ಲಿ ನೇರಳೆ ಮೆಟ್ರೋ ವೈಟ್‌ಫೀಲ್ಡ್‌ವರೆಗೆ ಬಂತು. ರೈಲ್ವೆ ಸ್ಟೇಷನ್ನಿನ ಪಕ್ಕದಲ್ಲೇ ಮೆಟ್ರೋ. ರೈಲಿಳಿದು ಬಸ್ಸಿಗೆ ಓಡುತ್ತಿದ್ದ ಹುಡುಗಿಯರು ಈಗ ಅದನ್ನು ಹತ್ತುತ್ತಾರೆ. ನನಗೆ ನಿಜವಾಗಿ ಖುಷಿಯಾಗುತ್ತದೆ. ಆದರೆ 148 ಕಿಲೋಮೀಟರಿನ ಉಪನಗರ ರೈಲು ಯೋಜನೆಯ ನಕ್ಷೆಯಲ್ಲಿ ನಮ್ಮ ಕಡೆಯ ಗೆರೆ ಕೆಂಗೇರಿಯಿಂದ ಹೊರಟು ವೈಟ್‌ಫೀಲ್ಡ್‌ನಲ್ಲೇ ನಿಲ್ಲುತ್ತದೆ. ಮಾಲೂರು, ಬಂಗಾರಪೇಟೆ, ಕೆಜಿಎಫ್ ಆಚೆ ಉಳಿದಿವೆ. ಮುಂಜಾನೆ ಇನ್ನೊಂದು ಗಾಡಿ ಬೇಕು, ಇರುವ ಗಾಡಿಗೆ ಇನ್ನೆರಡು ಬೋಗಿ ಬೇಕು, ಕೆಲಸದ ಹೊತ್ತಿನಲ್ಲಾದರೂ ಆ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸದೆ ಬಿಡಬೇಕು. ನಾವು ಕೇಳುವುದು ಇಷ್ಟೇ.

ಸಂಜೆಯ ಗಾಡಿಯಲ್ಲಿ ಮಾತು ಕಡಿಮೆ. ವೈಟ್‌ಫೀಲ್ಡ್ ದಾಟುವಷ್ಟರಲ್ಲಿ ಅರ್ಧ ಬೋಗಿ ನಿದ್ದೆ. ಪಕ್ಕದವರ ಹೆಗಲ ಮೇಲೆ ತಲೆ ಬಿದ್ದರೆ ಯಾರೂ ಸರಿಸುವುದಿಲ್ಲ. ಕಿಟಕಿ ಪಕ್ಕದ ಅಕ್ಕ ಒಬ್ಬರು ಮಾತ್ರ ಎಚ್ಚರವಾಗಿರುತ್ತಿದ್ದರು. ಯಾರು ಎಲ್ಲಿ ಇಳಿಯಬೇಕು ಅನ್ನುವುದು ಅವರಿಗೆ ಬಾಯಿಪಾಠ. ಒಬ್ಬೊಬ್ಬರ ಭುಜ ತಟ್ಟಿ ಹೇಳುತ್ತಿದ್ದರು: "ಮಾಲೂರು ಬಂತು, ಏಳಮ್ಮ. ಬ್ಯಾಗು ಮರೀಬೇಡ."